ಎಣ್ಣೆಯಡಿಯ ತುಕ್ಕು

ಪುಣೆಯ ಖಡಕಿಯಲ್ಲಿ 1869ರಲ್ಲಿ ಬ್ರಿಟಿಷರು ಕಟ್ಟಿದ ತೋಟಾ ಕಾರ್ಖಾನೆ ಇಂದಿಗೂ ನಡೆಯುತ್ತಿದೆ. ಅಲ್ಲಿ ತಯಾರಾದ ತೋಟಾಗಳ ಹಿತ್ತಾಳೆ ತಳದಲ್ಲಿ ‘ಕೆ ಎಫ್’ ಎಂಬ ಎರಡಕ್ಷರ ಒತ್ತಿರುತ್ತಿತ್ತು. ಊರನ್ನು ಕಿರ್ಕಿ ಎಂದು ಕರೆಯುತ್ತಿದ್ದ ಕಾಲದ ಗುರುತು ಅದು. ಸೈನಿಕರ .303 ರೈಫಲ್ಲಿನ ಗುಂಡೂ ಇಲ್ಲಿಯದು, ಹೊಲ ಕಾಯುವವರ 12 ಬೋರಿನ ‘ಶಕ್ತಿಮಾನ್’ ತೋಟಾವೂ ಇಲ್ಲಿಯದೇ. ಕೊಡಗಿನ ಐನ್‌ಮನೆಯ ಜೋಡುನಳಿಗೆಗೆ, ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಒಂಟಿನಳಿಗೆಗೆ ಈಡು ಒದಗಿಸಿದ ಊರು ಪುಣೆ. 2021ರ ಅಕ್ಟೋಬರಿನಲ್ಲಿ ಸರಕಾರಿ ಶಸ್ತ್ರ ಕಾರ್ಖಾನೆಗಳನ್ನು ಏಳು ಕಂಪನಿಗಳಾಗಿ ಒಡೆದಾಗ ಖಡಕಿಯ ಕಾರ್ಖಾನೆ ಮ್ಯೂನಿಷನ್ಸ್ ಇಂಡಿಯಾ ಕಂಪನಿಯ ಪಾಲಿಗೆ ಬಂತು. ಅದರ ಪ್ರಧಾನ ಕಚೇರಿಯೂ ಪುಣೆಯಲ್ಲೇ ಇದೆ.

ತೋಟಾದ ತಳದ ನಡುವೆ ಕಡಲೆಕಾಳಿಗಿಂತ ಚಿಕ್ಕದಾದ ಒಂದು ಬಟ್ಟಲಿರುತ್ತದೆ. ನಮ್ಮವರು ಕೇಪು ಎನ್ನುವುದು ಅದನ್ನೇ. ಕೋವಿಯ ಸುತ್ತಿಗೆ, ಅಂದರೆ ಕುದುರೆ, ಬಿದ್ದಾಗ ಮೊದಲು ಸಿಡಿಯುವುದು ಅದು. ಮದ್ದಿಗೆ ಬೆಂಕಿ ಹೋಗುವುದು ಅಲ್ಲಿಂದ. ಕೋವಿಯ ನಳಿಗೆ ಏಕೆ ತುಕ್ಕು ಹಿಡಿಯುತ್ತದೆ ಎಂಬ ಪ್ರಶ್ನೆಯ ಉತ್ತರ ಈ ಬಟ್ಟಲಿನೊಳಗೆ ನೂರು ವರ್ಷ ಅವಿತು ಕುಳಿತಿತ್ತು. ಹುಡುಕುತ್ತಿದ್ದವರೆಲ್ಲ ಬೇರೆ ಕಡೆ ನೋಡುತ್ತಿದ್ದರು.

ಕರಿಮದ್ದಿನ ಕಾಲದಲ್ಲಿ ಈ ಪ್ರಶ್ನೆ ಯಾರನ್ನೂ ಅಷ್ಟಾಗಿ ಕಾಡಲಿಲ್ಲ. ಪೆಟ್ಲುಪ್ಪು, ಗಂಧಕ, ಇದ್ದಿಲು ಬೆರೆಸಿದ ಆ ಮದ್ದು ಸುಟ್ಟರೆ ಅರ್ಧಕ್ಕಿಂತ ಹೆಚ್ಚು ಭಾಗ ಮಸಿ, ಉಪ್ಪು, ಬೂದಿಯಾಗಿ ಉಳಿಯುತ್ತದೆ. ಹತ್ತಾರು ಈಡು ಹೊಡೆದರೆ ನಳಿಗೆಯೊಳಗೆ ಗಸಿ ಕಟ್ಟಿ, ಮುಂದಿನ ಈಡು ಇಳಿಯುವುದೇ ಕಷ್ಟ. ಹಾಗಾಗಿ ಬೇಟೆಯಿಂದ ಬಂದವರು ಮೊದಲು ಮಾಡುತ್ತಿದ್ದ ಕೆಲಸ ಬಿಸಿನೀರು ಕಾಯಿಸುವುದು. ನಳಿಗೆಗೆ ನೀರು ಸುರಿದು, ಬಟ್ಟೆ ಸುತ್ತಿದ ಕೋಲಿನಿಂದ ಉಜ್ಜಿ, ಹೊರಬರುವ ನೀರು ತಿಳಿಯಾಗುವವರೆಗೆ ತೊಳೆದು, ಒರೆಸಿ, ಆಮೇಲೆ ಎಣ್ಣೆ. ಗಲೀಜು ಕಣ್ಣಿಗೆ ಕಾಣುತ್ತಿತ್ತು, ಕಂಡದ್ದನ್ನು ತೊಳೆಯುತ್ತಿದ್ದರು.

1884ರಲ್ಲಿ ಫ್ರಾನ್ಸಿನ ಪೌಲ್ ವಿಯೆಯ್ ಹೊಗೆರಹಿತ ಮದ್ದು ಮಾಡಿದ. 1889ರಲ್ಲಿ ಇಂಗ್ಲೆಂಡಿನ ಏಬೆಲ್ ಮತ್ತು ಡ್ಯೂವಾರ್ ಸೇರಿ ಕಾರ್ಡೈಟ್ ತಂದರು. ನಮ್ಮ ನೀಲಗಿರಿಯ ಅರುವಂಕಾಡಿನಲ್ಲಿ ಕಾರ್ಡೈಟ್ ಕಾರ್ಖಾನೆ ತಲೆಯೆತ್ತಿದ್ದು ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ. ಹೊಸ ಮದ್ದು ಸುಟ್ಟರೆ ಬಹುಪಾಲು ಅನಿಲವಾಗಿ ಹೋಗುತ್ತದೆ. ಹೊಡೆದಾದ ಮೇಲೆ ನಳಿಗೆಯೊಳಗೆ ಇಣುಕಿದರೆ ಕನ್ನಡಿಯ ಹೊಳಪು. ಬೇಟೆಗಾರರಿಗೆ ಹಬ್ಬವಾಯಿತು. ತೊಳೆಯುವ ರಗಳೆ ತಪ್ಪಿತು, ಒಂದು ಎಣ್ಣೆಬಟ್ಟೆ ಎಳೆದರೆ ಸಾಕು ಅಂದುಕೊಂಡರು. ಆದರೆ ಎರಡು ದಿನ ಬಿಟ್ಟು ನೋಡಿದರೆ ನಳಿಗೆಯೊಳಗೆ ಕೆಂಪು ಚುಕ್ಕೆ, ವಾರದಲ್ಲಿ ಕುಳಿ. ಮತ್ತೆ ಒರೆಸಿ ಎಣ್ಣೆ ಹಚ್ಚಿದರೆ ಎಣ್ಣೆಯ ಅಡಿಯಲ್ಲೇ ಮತ್ತೆ ತುಕ್ಕು. ನಳಿಗೆ ‘ಬೆವರುತ್ತದೆ’ ಎಂಬ ಮಾತು ಹುಟ್ಟಿದ್ದು ಆಗ.

ತಪ್ಪು ಯಾರದ್ದು? ಎಲ್ಲರೂ ಬೆರಳು ತೋರಿಸಿದ್ದು ಹೊಸಬನ ಕಡೆಗೆ, ಅಂದರೆ ಹೊಗೆರಹಿತ ಮದ್ದಿನ ಕಡೆಗೆ. ಅದು ನೈಟ್ರಿಕ್ ಆಮ್ಲದಿಂದ ಹುಟ್ಟಿದ ಮದ್ದು. ಆದ್ದರಿಂದ ಸುಟ್ಟಾಗ ಆಮ್ಲ ಉಳಿಯುತ್ತದೆ, ಆ ಆಮ್ಲ ಉಕ್ಕನ್ನು ತಿನ್ನುತ್ತದೆ ಎಂಬ ತರ್ಕ. ಇನ್ನು ಕೆಲವರು ಸಿಡಿತದ ಒತ್ತಡಕ್ಕೆ ಅನಿಲಗಳು ಉಕ್ಕಿನ ರಂಧ್ರಗಳಿಗೆ ನುಗ್ಗಿ ಕೂರುತ್ತವೆ, ಆಮೇಲೆ ನಿಧಾನವಾಗಿ ಬೆವರಾಗಿ ಹೊರಬರುತ್ತವೆ ಎಂದರು. ಕೇಳಲು ಎಷ್ಟು ಚೆನ್ನಾಗಿದೆ! ಈ ತರ್ಕದ ಮೇಲೆ ಒಂದು ದೊಡ್ಡ ವ್ಯಾಪಾರವೇ ನಿಂತಿತು. ಕ್ಷಾರ ಬೆರೆಸಿದ ಎಣ್ಣೆ, ಆಮ್ಲ ಕೊಲ್ಲುವ ಎಣ್ಣೆ, ಮದ್ದು ಕರಗಿಸುವ ದ್ರಾವಣ. ಅದಕ್ಕೂ ಮೊದಲು ಸಾಮ್ರಾಜ್ಯದ ತುಂಬ ಹೆಸರು ಮಾಡಿದ್ದು ರಂಗೂನ್ ಎಣ್ಣೆ. ಬರ್ಮಾದ ನೆಲದಿಂದ ಬಂದ ಈ ಖನಿಜತೈಲವನ್ನು ಬ್ರಿಟಿಷ್ ಶಿಕಾರಿಗಳು ಕೋವಿಪೆಟ್ಟಿಗೆಯಲ್ಲಿ ಇಟ್ಟುಕೊಂಡೇ ತಿರುಗುತ್ತಿದ್ದರು. ಕೊಬ್ಬರಿ ಎಣ್ಣೆ, ಎಳ್ಳೆಣ್ಣೆಗಿಂತ ಅದು ಮೇಲು ಎಂಬುದರಲ್ಲಿ ಸಂಶಯವಿಲ್ಲ. ಸಸ್ಯದೆಣ್ಣೆ ಗಾಳಿಗೆ ಹಳಸಿ, ಅಂಟಾಗಿ, ಕೊಬ್ಬಿನ ಆಮ್ಲವನ್ನೂ ಬಿಡುತ್ತದೆ, ಖನಿಜತೈಲ ಹಳಸುವುದಿಲ್ಲ. ಆದರೆ ಹೊಡೆದ ನಳಿಗೆಯ ತುಕ್ಕನ್ನು ತಡೆಯಲು ಅದರಿಂದಲೂ ಆಗಲಿಲ್ಲ.

ಈ ನಡುವೆ ಸೈನ್ಯದಲ್ಲಿ ಒಂದು ವಿಚಿತ್ರ ನಡೆದಿತ್ತು. ಬ್ರಿಟಿಷ್ ಸೈನಿಕರು, ಅವರ ಕೆಳಗಿದ್ದ ಭಾರತೀಯ ಸಿಪಾಯಿಗಳು, ಲೀ-ಎನ್‌ಫೀಲ್ಡ್ ರೈಫಲ್ಲಿಗೆ ಆಲಿಕೆ ಸಿಕ್ಕಿಸಿ ಕುದಿಯುವ ನೀರು ಸುರಿಯುತ್ತಿದ್ದರು. ಅದಕ್ಕೆಂದೇ ಮಾಡಿದ ಆಲಿಕೆ ಇತ್ತು. ಹಾಗೆ ತೊಳೆದ ರೈಫಲ್ ತುಕ್ಕು ಹಿಡಿಯುತ್ತಿರಲಿಲ್ಲ. ಏಕೆ ಎಂಬುದಕ್ಕೆ ಸಿಪಾಯಿಗೂ ಉತ್ತರವಿರಲಿಲ್ಲ, ಹವಾಲ್ದಾರನಿಗೂ ಇರಲಿಲ್ಲ. ಕವಾಯತಿನ ಪುಸ್ತಕ ಹೇಳಿತು, ಮಾಡಿದರು. ಅಮೆರಿಕದಲ್ಲಿ ಗುಂಡಿನ ಲೋಹದ ಲೇಪ ಕರಗಿಸಲು ಅಮೋನಿಯಾ ದ್ರಾವಣ ಬಳಸುತ್ತಿದ್ದರು. ಅಂಥ ನಳಿಗೆಗಳೂ ಚೆನ್ನಾಗಿ ಉಳಿದವು. ಶ್ರೇಯಸ್ಸು ಅಮೋನಿಯಾಕ್ಕೆ ಹೋಯಿತು. ಅದನ್ನು ಕರಗಿಸಿದ್ದ ನೀರನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಗಂಟು ಬಿಚ್ಚಿದ್ದು 1922ರಲ್ಲಿ. ಅಮೆರಿಕದ ಗಣಿ ಇಲಾಖೆಯಲ್ಲಿ ವಿಲ್ಬರ್ಟ್ ಹಫ್ ಎಂಬ ರಸಾಯನವಿಜ್ಞಾನಿ ಇದ್ದ. ಎಣ್ಣೆಯ ಪದರದ ಅಡಿಯಲ್ಲಿ ಉಕ್ಕು ಹೇಗೆ ತುಕ್ಕು ಹಿಡಿಯುತ್ತದೆ ಎಂಬುದರ ಮೇಲೆ ಆತ ಬರೆದ ಚಿಕ್ಕ ವರದಿ ಆ ವರ್ಷ ಪ್ರಕಟವಾಯಿತು. ಅವನ ವಾದದ ಸೊಗಸು ಅದರ ಸರಳತೆಯಲ್ಲಿದೆ. ತಪ್ಪು ಆಮ್ಲದ್ದಾದರೆ ಕ್ಷಾರದಿಂದ ಗುಣವಾಗಬೇಕಿತ್ತು, ಆಗಲಿಲ್ಲ. ಅನಿಲ ಬೆವರುವುದೇ ನಿಜವಾದರೆ ಒಣಗಾಳಿಯಲ್ಲಿಟ್ಟ ನಳಿಗೆಯೂ ಬೆವರಬೇಕಿತ್ತು. ಒಣಗಾಳಿಯಲ್ಲಿ ಹೊಡೆದ ನಳಿಗೆ ಸುಮ್ಮನೆ ಬಿದ್ದಿರುತ್ತಿತ್ತು, ತೇವದ ಗಾಳಿಗೆ ತಂದ ಕೂಡಲೇ ಕೆಂಪಾಗುತ್ತಿತ್ತು. ಅಂದರೆ ಒಳಗೆ ಕುಳಿತಿರುವುದು ಗಾಳಿಯ ನೀರನ್ನು ಹೀರುವ ಯಾವುದೋ ವಸ್ತು. ಹುಡುಕಿದಾಗ ಸಿಕ್ಕಿದ್ದು ಪೊಟ್ಯಾಸಿಯಂ ಕ್ಲೋರೈಡ್, ನಮ್ಮ ಅಡಿಗೆಯುಪ್ಪಿನ ಖಾಸಾ ತಮ್ಮ. ಹೊಗೆರಹಿತ ಮದ್ದಿನಲ್ಲಿ ಕ್ಲೋರಿನ್ನಿನ ಸುಳಿವೇ ಇರಲಿಲ್ಲ. ಇದ್ದದ್ದು ಕೇಪಿನಲ್ಲಿ.

ಕೇಪಿನ ಮಿಶ್ರಣದಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಪೆಟ್ಟು ಬಿದ್ದಾಗ ಅದು ತನ್ನಲ್ಲಿರುವ ಆಮ್ಲಜನಕವನ್ನೆಲ್ಲ ಉರಿಗೆ ಕೊಟ್ಟು ತಾನು ಕ್ಲೋರೈಡ್ ಆಗಿ ಉಳಿಯುತ್ತದೆ. ಒಂದು ಈಡಿಗೆ ಕೆಲವೇ ಮಿಲಿಗ್ರಾಂ. ಕಣ್ಣಿಗೆ ಕಾಣದಷ್ಟು ತೆಳ್ಳಗೆ ನಳಿಗೆಯ ಉದ್ದಕ್ಕೂ ಅದು ಹರಡಿಕೊಳ್ಳುತ್ತದೆ. ಆಷಾಢದಲ್ಲಿ ಅಡಿಗೆಮನೆಯ ಉಪ್ಪಿನ ಭರಣಿ ನೀರೊಡೆಯುವ ಹಾಗೆ ಈ ಉಪ್ಪೂ ನೀರೊಡೆಯುತ್ತದೆ. 25 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 84 ದಾಟಿದರೆ ಸಾಕು. ಪುಣೆಯಲ್ಲಿ ಜುಲೈ-ಆಗಸ್ಟ್ ಬೆಳಗಿನ ಹೊತ್ತು ಅಷ್ಟು ತೇವ ಸಾಮಾನ್ಯ. ಮಡಿಕೇರಿಯಲ್ಲಂತೂ ಮಳೆಗಾಲವಿಡೀ ಅದಕ್ಕಿಂತ ಕೆಳಗಿಳಿಯುವ ದಿನ ಹುಡುಕಬೇಕು.

ಇಲ್ಲಿ ಎಣ್ಣೆ ಏಕೆ ಸೋತಿತು ಎಂಬುದು ಹಫ್‌ನ ಎರಡನೆಯ ಉತ್ತರ, ನನಗೆ ಮೊದಲನೆಯದಕ್ಕಿಂತ ಇಷ್ಟವಾದದ್ದು. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ. ಎಷ್ಟು ಎಣ್ಣೆಬಟ್ಟೆ ಎಳೆದರೂ ಉಪ್ಪಿನ ಕಣ ಇದ್ದಲ್ಲೇ ಇರುತ್ತದೆ, ಮೇಲೊಂದು ಎಣ್ಣೆಯ ಹೊದಿಕೆ ಬೇರೆ. ಎಣ್ಣೆಯ ಪದರ ನೀರಿನ ಆವಿಯನ್ನು ಪೂರ್ತಿ ತಡೆಯುತ್ತದೆ ಎಂದು ನಾವು ನಂಬಿದ್ದು ಬರೀ ನಂಬಿಕೆ. ಆವಿ ನಿಧಾನವಾಗಿ ಅದರ ಮೂಲಕ ಇಳಿಯುತ್ತದೆ, ಆಮ್ಲಜನಕವೂ ಇಳಿಯುತ್ತದೆ. ಅಡಿಯಲ್ಲಿ ಕಾದು ಕುಳಿತ ಉಪ್ಪು ಆ ತೇವವನ್ನು ಹಿಡಿದು ಉಪ್ಪುನೀರಾಗುತ್ತದೆ. ಹೊರಗಿನಿಂದ ನೋಡುವವನಿಗೆ ಮಿರಿಮಿರಿ ಎಣ್ಣೆ, ಒಳಗೆ ತುಕ್ಕಿನ ಸಂಸಾರ. ಪರಿಹಾರ? ನೀರು. ಕೋಣೆಯ ಶಾಖದ 100 ಮಿ.ಲೀ. ನೀರಿನಲ್ಲಿ 34 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್ ಕರಗುತ್ತದೆ. ಕುದಿಯುವ ನೀರಿನಲ್ಲಿ ಇನ್ನೂ ಹೆಚ್ಚು. ಮಿಲಿಗ್ರಾಂಗಳಿಗೆ ಒಂದು ಚೊಂಬು ನೀರು ಧಾರಾಳ. ಕುದಿನೀರಿನ ಹೆಚ್ಚುಗಾರಿಕೆ ಏನೆಂದರೆ, ಅದು ಉಕ್ಕನ್ನೂ ಬಿಸಿ ಮಾಡುತ್ತದೆ, ಬಿಸಿ ಉಕ್ಕು ತಾನಾಗಿ ಒಣಗುತ್ತದೆ. ಎಣ್ಣೆಯ ಸರದಿ ಆಮೇಲೆ.

ಹೊಸ ಮದ್ದು ಬಂದ ಮೇಲೆ ತುಕ್ಕು ಹೆಚ್ಚಿದ್ದು ನಿಜ. ಆದರೆ ಹೊಸ ಮದ್ದು ಮಾಡಿದ ಅಪರಾಧ ಒಂದೇ, ಜನ ನೀರು ಬಿಡುವಂತೆ ಮಾಡಿದ್ದು. ಕರಿಮದ್ದಿನ ಮಸಿಯ ಜೊತೆಗೆ ಕೇಪಿನ ಉಪ್ಪೂ ತೊಳೆದುಹೋಗುತ್ತಿತ್ತು. ಮಸಿ ಕಾಣದಾದಾಗ ನೀರು ನಿಂತಿತು, ಉಪ್ಪು ಉಳಿಯಿತು.

ಇದರಲ್ಲಿ ಇನ್ನೊಂದು ವ್ಯಂಗ್ಯವಿದೆ. ಕ್ಲೋರೇಟ್ ಕೋವಿಯನ್ನು ತಿನ್ನುತ್ತದೆ ಎಂಬುದು ಹಫ್‌ಗಿಂತ ನೂರು ವರ್ಷ ಮೊದಲೇ ಗೊತ್ತಿತ್ತು. ಸ್ಕಾಟ್ಲೆಂಡಿನ ಬೆಲ್‌ಹೆಲ್ವಿ ಎಂಬ ಹಳ್ಳಿಯ ಪಾದ್ರಿ ಅಲೆಕ್ಸಾಂಡರ್ ಫೋರ್ಸೈತ್‌ಗೆ ಬಾತು ಹೊಡೆಯುವ ಹುಚ್ಚು. ಚಕಮಕಿ ಕೋವಿಯ ಕಿಡಿ ಹಾರಿದ್ದೇ ತಡ, ಗುಂಡು ಹೊರಡುವ ಮೊದಲೇ ಹಕ್ಕಿ ಮುಳುಗಿ ಮಾಯವಾಗುತ್ತಿತ್ತು. ಆ ಸಿಟ್ಟಿನಲ್ಲಿ ಪಾದ್ರಿ ಪೆಟ್ಟಿಗೆ ಸಿಡಿಯುವ ಪುಡಿಯ ಬೆನ್ನುಹತ್ತಿ 1807ರಲ್ಲಿ ಪೇಟೆಂಟ್ ಪಡೆದ. ಫ್ರಾನ್ಸಿನ ಬರ್ತೊಲೆ ಕಂಡುಹಿಡಿದಿದ್ದ ಪೊಟ್ಯಾಸಿಯಂ ಕ್ಲೋರೇಟೇ ಆ ಪುಡಿಯ ಜೀವ. ಹಕ್ಕಿ ಸಿಕ್ಕಿತು, ಕೋವಿಯ ಕೀಲುಗಳು ತುಕ್ಕು ಹಿಡಿದವು. ದೂರು ಎಷ್ಟಿತ್ತೆಂದರೆ 1820ರ ದಶಕದಲ್ಲೇ ಕ್ಲೋರೇಟಿನ ಬದಲು ಪಾದರಸದ ಫಲ್ಮಿನೇಟ್ ಬಳಸುವ ಪ್ರಯತ್ನಗಳಾದವು. ಲಂಡನ್ನಿನ ಫ್ರೆಡರಿಕ್ ಜಾಯ್ಸ್ ಎಂಬಾತ ತುಕ್ಕು ಹಿಡಿಸದ ಕೇಪು ಎಂದು ಡಬ್ಬಿಯ ಮೇಲೆ ಅಚ್ಚು ಹಾಕಿಸಿ ಮಾರಿದ. ಆ ಡಬ್ಬಿಗಳು ಭಾರತಕ್ಕೂ ಬಂದಿರಬಹುದು. ಮುಂದೆ ಗಟ್ಟಿ ಉರಿ ಬೇಕೆಂದು ಫಲ್ಮಿನೇಟಿನ ಜೊತೆಗೆ ಕ್ಲೋರೇಟ್ ಮತ್ತೆ ಒಳಸೇರಿತು. ಡಬ್ಬಿಯ ಮೇಲೆ ಬರೆದದ್ದನ್ನು ಮೊಮ್ಮಕ್ಕಳು ಮರೆತರು. ವಿಜ್ಞಾನದಲ್ಲಿ ಹೊಸದನ್ನು ಕಾಣುವುದಕ್ಕಿಂತ ಹಳೆಯದನ್ನು ಕಳೆದುಕೊಳ್ಳದೆ ಇರುವುದು ಕೆಲವೊಮ್ಮೆ ಕಷ್ಟ.

ಹಫ್‌ನ ವರದಿಯ ನಂತರ ಕೇಪಿನ ರಸಾಯನ ಬದಲಾಗಲು ಹೆಚ್ಚು ಕಾಲ ಹಿಡಿಯಲಿಲ್ಲ. 1928ರ ಸುಮಾರಿಗೆ ಜರ್ಮನಿಯಲ್ಲಿ ಸೀಸದ ಸ್ಟಿಫ್ನೇಟ್ ಮತ್ತು ಟೆಟ್ರಜೀನ್ ಬಳಸಿದ ‘ಸಿನಾಕ್ಸಿಡ್’ ಬಂತು. ಅಮೆರಿಕದ ರೆಮಿಂಗ್ಟನ್ ಕಂಪನಿ ‘ಕ್ಲೀನ್‌ಬೋರ್’ ಹೆಸರಿನಲ್ಲಿ ಅಂಥದ್ದನ್ನೇ ಮಾರಿತು. ಬೇಟೆಯ ತೋಟಾಗಳು ಬೇಗ ಬದಲಾದವು. ಸೈನ್ಯಗಳು ಮಾತ್ರ ದಶಕಗಟ್ಟಲೆ ಹಳೆಯದಕ್ಕೇ ಅಂಟಿಕೊಂಡವು. ವರ್ಷಾನುಗಟ್ಟಲೆ ಗೋದಾಮಿನಲ್ಲಿ ಕೂತರೂ ಕೈಕೊಡದ ಕೇಪು ಬೇಕಲ್ಲ, ಕ್ಲೋರೇಟ್ ಆ ಪರೀಕ್ಷೆಯಲ್ಲಿ ಗೆದ್ದಿತ್ತು. ಖಡಕಿಯ .303 ಗುಂಡುಗಳೂ ಆ ಹಳೆಯ ಜಾತಿಯವೇ. ಈಗಲೂ ಬೇರೆ ದೇಶಗಳ ಹವ್ಯಾಸಿಗಳು ಕೆ ಎಫ್ ಗುರುತಿನ ಹಳೆಯ ಗುಂಡು ಹೊಡೆದ ದಿನ ತಪ್ಪದೆ ನೀರು ಕಾಯಿಸುತ್ತಾರೆ.

ಇಷ್ಟು ನಳಿಗೆಯ ಒಳಗಿನ ಕತೆ. ಹೊರಮೈಯ ಕತೆ ಬೇರೆಯದು.

ಕೋವಿಯ ನೀಲಿಗಪ್ಪು ಮೈ ಬಣ್ಣ ಬಳಿದದ್ದಲ್ಲ, ಅದೂ ತುಕ್ಕೇ. ಹಳೆಯ ಕಮ್ಮಾರಿಕೆಯಲ್ಲಿ ನಳಿಗೆಯನ್ನು ಜಿಡ್ಡಿಲ್ಲದಂತೆ ತೊಳೆದು, ನೈಟ್ರಿಕ್ ಆಮ್ಲವೋ ಕಬ್ಬಿಣದ ಕ್ಲೋರೈಡೋ ಇರುವ ದ್ರಾವಣ ತೆಳ್ಳಗೆ ಸವರಿ, ತೇವದ ಪೆಟ್ಟಿಗೆಯಲ್ಲಿ ತೂಗಿಬಿಡುತ್ತಾರೆ. ಮೈತುಂಬ ಸಣ್ಣಗೆ ಕೆಂಪು ತುಕ್ಕು ಮೂಡುತ್ತದೆ. ಆಗ ಅದನ್ನು ನೀರಿನಲ್ಲಿ ಕುದಿಸುತ್ತಾರೆ. ಕೆಂಪು ತುಕ್ಕು ಕಪ್ಪಾಗುತ್ತದೆ, ಅಂದರೆ ಮ್ಯಾಗ್ನೆಟೈಟ್ ಎಂಬ ಇನ್ನೊಂದು ಆಕ್ಸೈಡ್ ಆಗುತ್ತದೆ. ತಂತಿಬ್ರಷ್‌ನಿಂದ ಪುಡಿ ಉದುರಿಸಿ ಮತ್ತೆ ಸವರುವುದು, ಮತ್ತೆ ತುಕ್ಕು, ಮತ್ತೆ ಕುದಿ. ಹಲವು ಸುತ್ತು ಆದ ಮೇಲೆ ಆ ಗಂಭೀರ ಕಪ್ಪು ಬರುತ್ತದೆ. ಕೆಂಪು ತುಕ್ಕು ಹುಡಿಹುಡಿಯಾಗಿ ಉದುರಿ ಒಳಗಿನ ಕಬ್ಬಿಣವನ್ನು ಬಯಲು ಮಾಡುತ್ತದೆ. ಕಪ್ಪಿನದು ಕಚ್ಚಿ ಕೂರುವ ಸ್ವಭಾವ.

ಕಾಸ್ಟಿಕ್ ಸೋಡಾ ಮತ್ತು ನೈಟ್ರೇಟಿನ ಕುದಿಯುವ ದ್ರಾವಣದಲ್ಲಿ, ಸುಮಾರು 140 ಡಿಗ್ರಿಯಲ್ಲಿ, ಅರ್ಧ ತಾಸಿನೊಳಗೆ ಇದೇ ಕಪ್ಪು ತರುವ ವಿಧಾನವೂ ಇದೆ. ಕಾರ್ಖಾನೆಗಳಿಗೆ ಒಳ್ಳೆಯದು. ಆದರೆ ಅಜ್ಜನ ಜೋಡುನಳಿಗೆಗೆ ಅದನ್ನು ಮಾಡಿಸಹೊರಟರೆ ದಯವಿಟ್ಟು ತಡೆಯಿರಿ. ಎರಡು ನಳಿಗೆಗಳನ್ನು, ನಡುವಿನ ಪಟ್ಟಿಯನ್ನು ಬೆಸೆದಿರುವುದು ಸೀಸ-ತವರದ ಮೆತು ಬೆಸುಗೆಯಿಂದ. ಕಾಸ್ಟಿಕ್ ಅದನ್ನು ತಿಂದುಹಾಕುತ್ತದೆ. ಪಟ್ಟಿಯ ಸಂದಿಗೆ ನುಗ್ಗಿದ ಉಪ್ಪು ಹೊರಬರುವುದೂ ಇಲ್ಲ. ಜೋಡುನಳಿಗೆಗೆ ಹಳೆಯ ನಿಧಾನದ ದಾರಿಯೇ ಸರಿ. ಪೇಟೆಯಲ್ಲಿ ಕೋವಿ ರಿಪೇರಿ ಮಾಡುವ ಎಲ್ಲರಿಗೂ ಈ ತಾಳ್ಮೆ ಇರುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಆ ಕಪ್ಪು ಪದರ ತಾನೊಂದೇ ತುಕ್ಕನ್ನು ತಡೆಯಲಾರದು. ಅದು ಮೈಕ್ರಾನ್ ಲೆಕ್ಕದ ತೆಳುವು, ತುಂಬ ರಂಧ್ರಗಳು. ಅದರ ನಿಜವಾದ ಗುಣ ಎಣ್ಣೆಯನ್ನು ಹಿಡಿದಿಟ್ಟುಕೊಳ್ಳುವುದು. ಇದಕ್ಕಿಂತ ಗಟ್ಟಿಯಾದ ದಾರಿ ಹುಡುಕಿದವನು ಬರ್ಮಿಂಗ್‌ಹ್ಯಾಮಿನ ಥಾಮಸ್ ಕಾಸ್ಲೆಟ್. 1906ರಲ್ಲಿ ಆತ ಕಾದ ಫಾಸ್ಫಾರಿಕ್ ಆಮ್ಲದಲ್ಲಿ ಉಕ್ಕನ್ನು ಅದ್ದಿ ಫಾಸ್ಫೇಟಿನ ಬೂದು ಪದರ ಬೆಳೆಸುವ ಪೇಟೆಂಟ್ ಪಡೆದ. ಯುದ್ಧಕಾಲದ ಬಂದೂಕುಗಳ ಮಂಕು ಬೂದುಬಣ್ಣ ಅಲ್ಲಿಂದ ಬಂದದ್ದು. ರಂಜಕ ಕಬ್ಬಿಣಕ್ಕೆ ಕಾವಲಾಗುವುದು ನಮ್ಮ ನೆಲಕ್ಕೆ ಹೊಸದೇನಲ್ಲ. ದಿಲ್ಲಿಯ ಕಬ್ಬಿಣದ ಸ್ತಂಭದಲ್ಲಿ ರಂಜಕದ ಅಂಶ ಹೆಚ್ಚಿರುವುದರಿಂದಲೇ ಅದರ ಮೇಲೆ ಕಾಯುವ ಪದರ ಬೆಳೆಯಿತು ಎಂದು ಕಾನ್ಪುರ ಐಐಟಿಯ ಆರ್. ಬಾಲಸುಬ್ರಮಣ್ಯಂ ತೋರಿಸಿದರು. ನಮ್ಮ ಕೊಡಚಾದ್ರಿಯ ಮೂಲ ಮೂಕಾಂಬಿಕೆ ಗುಡಿಯ ಮುಂದೆ ನಿಂತಿರುವ ಕಬ್ಬಿಣದ ಕಂಬವಂತೂ ದಿಲ್ಲಿಯದಕ್ಕಿಂತ ಎಷ್ಟೋ ಪಾಲು ಹೆಚ್ಚು ಮಳೆ ತಿಂದು ನಿಂತಿದೆ. ಕೋವಿಯ ಉಕ್ಕಿಗೆ ಆ ಭಾಗ್ಯವಿಲ್ಲ. ರಂಜಕ ಹೆಚ್ಚಿದ ಉಕ್ಕು ಪೆಟ್ಟಿಗೆ ಸಿಡಿಯುತ್ತದೆ. ನಳಿಗೆಗೆ ಅದನ್ನು ಯಾರೂ ಬಳಸರು.

ತುಕ್ಕು ನಿಜಕ್ಕೂ ಹೇಗೆ ಶುರುವಾಗುತ್ತದೆ ಎಂಬುದನ್ನು ಕಣ್ಣಿಗೆ ಕಾಣುವಂತೆ ಮಾಡಿದವನು ಕೇಂಬ್ರಿಜ್‌ನ ಯೂಲಿಕ್ ಎವಾನ್ಸ್. 1920ರ ದಶಕದಲ್ಲಿ ಆತ ನುಣುಪಾದ ಕಬ್ಬಿಣದ ಮೇಲೆ ಒಂದೇ ಒಂದು ಹನಿ ಉಪ್ಪುನೀರು ಇಟ್ಟ. ಕಬ್ಬಿಣ ಕರಗಿದಲ್ಲಿ ನೀಲಿಯಾಗುವ, ಕ್ಷಾರ ಹುಟ್ಟಿದಲ್ಲಿ ಗುಲಾಬಿಯಾಗುವ ಎರಡು ರಾಸಾಯನಿಕಗಳನ್ನು ಹನಿಯಲ್ಲಿ ಬೆರೆಸಿದ್ದ. ನೋಡನೋಡುತ್ತ ಹನಿಯ ನಡುವೆ ನೀಲಿ, ಅಂಚಿನಲ್ಲಿ ಗುಲಾಬಿ, ಎರಡರ ಮಧ್ಯೆ ತುಕ್ಕಿನ ಉಂಗುರ. ಅಂಚಿನಲ್ಲಿ ಗಾಳಿಯ ಆಮ್ಲಜನಕ ಧಾರಾಳ, ನಡುವೆ ಕೊರತೆ. ಈ ಏರುಪೇರಿನಿಂದ ಹನಿಯೇ ಒಂದು ಬ್ಯಾಟರಿಯಾಗಿ ನಡುವಿನ ಕಬ್ಬಿಣ ಕರಗುತ್ತದೆ. ನಳಿಗೆಯ ಮೇಲೆ ಬೆವರುಗೈ ಇಟ್ಟು ಮರೆತರೆ ವಾರದ ನಂತರ ಬೆರಳಿನ ಗೆರೆಗಳೇ ತುಕ್ಕಾಗಿ ಮೂಡುವುದು ಇದೇ ಲೆಕ್ಕದಲ್ಲಿ.

ಅದೇ ಕಾಲದಲ್ಲಿ ಲಂಡನ್ನಿನಲ್ಲಿ ಡಬ್ಲ್ಯು. ಎಚ್. ಜೆ. ವೆರ್ನಾನ್ ಇನ್ನೂ ಸಾದಾ ಪ್ರಯೋಗ ಮಾಡಿದ. ಕಬ್ಬಿಣದ ಎರಡು ತುಂಡು. ಒಂದನ್ನು ಹಾಗೇ ತೂಗಿದ, ಇನ್ನೊಂದರ ಸುತ್ತ ಮಸ್ಲಿನ್ ಬಟ್ಟೆಯ ಪಂಜರ ಕಟ್ಟಿದ. ಒಂದೇ ಕೋಣೆ, ಒಂದೇ ಗಾಳಿ, ಒಂದೇ ತೇವ. ಬಯಲಿನದು ತುಕ್ಕು ಹಿಡಿಯಿತು, ಪಂಜರದ್ದು ತಿಂಗಳುಗಟ್ಟಲೆ ಸ್ವಚ್ಛವಾಗಿ ಉಳಿಯಿತು. ಬಟ್ಟೆ ತಡೆದದ್ದು ತೇವವನ್ನಲ್ಲ, ಧೂಳನ್ನು; ಧೂಳಿನ ಜೊತೆ ಬರುವ ತೇವ ಹೀರುವ ಲವಣಗಳನ್ನು. ಶುದ್ಧ ಗಾಳಿಯಲ್ಲಿ ತೇವ ಹೆಚ್ಚಿದ್ದರೂ ಕಬ್ಬಿಣ ಸಾಕಷ್ಟು ತಡೆಯುತ್ತದೆ ಎಂದೂ, ಗಾಳಿಯಲ್ಲಿ ಗಂಧಕದ ಹೊಗೆಯ ಲೇಶವಿದ್ದರೆ ಆರ್ದ್ರತೆ ಶೇ. 60ರ ಆಸುಪಾಸಿನ ಒಂದು ಗೆರೆ ದಾಟಿದ ಕೂಡಲೇ ತುಕ್ಕು ಓಡತೊಡಗುತ್ತದೆ ಎಂದೂ ಮುಂದೆ ಆತ ತೋರಿಸಿದ. ಕೋವಿಯ ಕಪಾಟನ್ನು ಆ ಗೆರೆಯ ಕೆಳಗೆ ಇಡಿ ಎಂಬ ಇಂದಿನ ಸಲಹೆಯ ಬೇರು ಅಲ್ಲಿದೆ.

ಇಲ್ಲಿಂದ ಕತೆ ಮತ್ತೆ ಪುಣೆಗೆ ಬರುತ್ತದೆ, ಈ ಸಲ ಖಡಕಿಗಲ್ಲ, ಪಾಷಾಣ್ ರಸ್ತೆಗೆ. 1950ರ ಜನವರಿ 3ರಂದು ನೆಹರೂ ಅಲ್ಲಿ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯವನ್ನು ಉದ್ಘಾಟಿಸಿದರು. ಅದರ ಮೊದಲ ನಿರ್ದೇಶಕ ಜೇಮ್ಸ್ ವಿಲಿಯಂ ಮೆಕ್‌ಬೇನ್, ಕೆನಡಾದಲ್ಲಿ ಹುಟ್ಟಿ, ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲೂ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲೂ ದುಡಿದು, ವಯಸ್ಸಾದ ಮೇಲೆ ಪುಣೆಗೆ ಬಂದವರು. ಅವರ ಜೀವಮಾನದ ಆಸಕ್ತಿ ಕೋವಿಯಲ್ಲಿರಲಿಲ್ಲ, ಸಾಬೂನಿನಲ್ಲಿತ್ತು. ಸಾಬೂನಿನ ನೀರು ವಿದ್ಯುತ್ತನ್ನು ಹರಿಸುವ ರೀತಿ ಯಾವ ಲೆಕ್ಕಕ್ಕೂ ಹೊಂದುತ್ತಿರಲಿಲ್ಲ. 1913ರಲ್ಲಿ ಮೆಕ್‌ಬೇನ್ ಒಂದು ಊಹೆ ಮುಂದಿಟ್ಟರು: ಸಾಬೂನಿನ ಅಣುಗಳು ನೀರಿನಲ್ಲಿ ಬಿಡಿಬಿಡಿಯಾಗಿ ಇರುವುದಿಲ್ಲ, ನೀರೊಲ್ಲದ ಬಾಲಗಳನ್ನು ಒಳಗೆ ಮಾಡಿ, ನೀರೊಲಿಯುವ ತಲೆಗಳನ್ನು ಹೊರಗೆ ಮಾಡಿ ಗುಂಪು ಕಟ್ಟುತ್ತವೆ. ಮುಂದೊಮ್ಮೆ ಲಂಡನ್ನಿನ ಸಭೆಯಲ್ಲಿ ಅವರು ಇದನ್ನು ವಿವರಿಸಿದಾಗ ಅಧ್ಯಕ್ಷ ಪೀಠದಿಂದ ಎರಡೇ ಪದದಲ್ಲಿ ಅಸಂಬದ್ಧ ಎಂಬ ತೀರ್ಪು ಬಂತೆಂಬ ಕತೆ ರಸಾಯನವಿಜ್ಞಾನಿಗಳ ನಡುವೆ ಇನ್ನೂ ಓಡಾಡುತ್ತದೆ. ಇಂದು ಆ ಗುಂಪುಗಳನ್ನು ಮಿಸೆಲ್ ಎಂದು ಕಾಲೇಜಿನ ಮಕ್ಕಳು ಓದುತ್ತಾರೆ.

ತುಕ್ಕಿಗೂ ಇದಕ್ಕೂ ಏನು ಸಂಬಂಧ? ಬರೀ ಖನಿಜತೈಲ ಉಕ್ಕಿನ ಮೇಲೆ ಸುಮ್ಮನೆ ಕೂತಿರುತ್ತದೆ. ನೀರಿನ ಹನಿ ಬಂದು ತಳ್ಳಿದರೆ ಜಾಗ ಬಿಟ್ಟುಕೊಡುತ್ತದೆ, ಏಕೆಂದರೆ ಉಕ್ಕಿನ ಮೈಗೆ ಎಣ್ಣೆಗಿಂತ ನೀರು ಹತ್ತಿರ. ಆ ಎಣ್ಣೆಗೆ ಸಾಬೂನಿನ ಜಾತಿಯ ಅಣುಗಳನ್ನು, ಪೆಟ್ರೋಲಿಯಂ ಸಲ್ಫೊನೇಟನ್ನೋ ಕುರಿಯುಣ್ಣೆಯ ಲ್ಯಾನೊಲಿನ್ನನ್ನೋ, ಬೆರೆಸಿದರೆ ಲೆಕ್ಕ ಬದಲಾಗುತ್ತದೆ. ತಲೆಗಳು ಉಕ್ಕನ್ನು ಕಚ್ಚಿ ಹಿಡಿಯುತ್ತವೆ, ಬಾಲಗಳು ಎಣ್ಣೆಯೊಳಗೆ ಚಾಚಿಕೊಂಡು ಅದನ್ನು ಕಟ್ಟಿಹಾಕುತ್ತವೆ. ಮಿಕ್ಕ ಅಣುಗಳು ಎಣ್ಣೆಯೊಳಗೆ ಮೆಕ್‌ಬೇನ್ ಹೇಳಿದ ಗುಂಪನ್ನೇ ತಿರುಗಮುರುಗ ಕಟ್ಟುತ್ತವೆ: ಬಾಲ ಹೊರಗೆ, ತಲೆ ಒಳಗೆ. ಒಳನುಸುಳಿದ ನೀರು ಆ ಗುಂಪುಗಳ ಹೊಟ್ಟೆಯಲ್ಲಿ ಸೆರೆಯಾಗುತ್ತದೆ, ಉಕ್ಕನ್ನು ಮುಟ್ಟುವುದಿಲ್ಲ. ಅಮೆರಿಕದ ನೌಕಾ ಸಂಶೋಧನಾಲಯದ ಬೇಕರ್ ಮತ್ತು ಜಿಸ್ಮನ್ ಈ ಬಗೆಯ ತುಕ್ಕುನಿರೋಧಕಗಳ ಸಿದ್ಧಾಂತವನ್ನು 1948ರಲ್ಲಿ ಬರೆದರು. ಸಾಗರ ದಾಟಿ ಬಂದ ಯುದ್ಧದ ಸರಂಜಾಮು ಕೆಂಪಾಗಿ ಇಳಿಯುತ್ತಿದ್ದುದು ಇಂಥ ಹುಡುಕಾಟಕ್ಕೆ ಒತ್ತಾಸೆಯಾಗಿತ್ತು. ಹಫ್ ಎತ್ತಿದ ಎಣ್ಣೆಯಡಿಯ ಸಮಸ್ಯೆಗೆ ಪೂರ್ಣ ಉತ್ತರ ಸಿಕ್ಕಿದ್ದು ಹೀಗೆ, ಸಾಬೂನಿನ ನೀರಿನ ಬಳಸುದಾರಿಯಲ್ಲಿ. 1953ರಲ್ಲಿ ಸ್ಯಾನ್ ಡಿಯಾಗೋದ ಪುಟ್ಟ ಕಂಪನಿಯೊಂದು ಕ್ಷಿಪಣಿಯ ಮೈಗೆಂದು ಮಾಡಿದ ಡಬ್ಲ್ಯುಡಿ-40 ನೀರನ್ನು ಓಡಿಸುವುದರಲ್ಲಿ ಜಾಣ. ಆದರೆ ಅದರ ಬಹುಪಾಲು ಆರಿಹೋಗಿ ಉಳಿಯುವುದು ತೆಳುಪದರ. ಮಳೆಗಾಲವಿಡೀ ಕಾಯಲು ಅದನ್ನೇ ನೆಚ್ಚುವುದು ನನಗೆ ಸರಿ ಕಾಣುವುದಿಲ್ಲ. ಮೊದಲು ಅದನ್ನು ಹೊಡೆದು ಒರೆಸಿ, ಮೇಲೆ ಸಲ್ಫೊನೇಟ್ ಇರುವ ದಪ್ಪ ಎಣ್ಣೆಯೋ ಮೇಣವೋ ಬೇಕು.

ಈ ಎಲ್ಲ ಉಪಾಯಗಳ ನಿಜ ಪರೀಕ್ಷೆ ನಡೆಯುವುದು ಪ್ರತಿ ವರ್ಷ ಕೊಡಗಿನಲ್ಲಿ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಇಟ್ಟುಕೊಳ್ಳಲು ಬ್ರಿಟಿಷರ ಕಾಲದಿಂದ ಪರವಾನಗಿಯ ವಿನಾಯಿತಿ ಇದೆ, ಕೇಂದ್ರ ಸರಕಾರ ಅದನ್ನು 2029ರವರೆಗೆ ವಿಸ್ತರಿಸಿದೆ. ಬೇಟೆ 1972ರ ವನ್ಯಜೀವಿ ಕಾಯಿದೆಯ ನಂತರ ಮುಗಿದ ಅಧ್ಯಾಯ, ಕೋವಿ ಮಾತ್ರ ಹುಟ್ಟು-ಸಾವು-ಹಬ್ಬಗಳಲ್ಲಿ ಉಳಿದಿದೆ. ಕಕ್ಕಡ ತಿಂಗಳ ಜಡಿಮಳೆಯಲ್ಲಿ, ನಾಟಿಯ ಕೆಲಸದ ನಡುವೆ, ಅದು ಒಳಮನೆ ಸೇರುತ್ತದೆ. ಸೆಪ್ಟೆಂಬರ್ 3ರ ಕೈಲ್ ಪೊಳ್ದ್ ಹಬ್ಬಕ್ಕೆ ಹೊರತೆಗೆದು, ಒರೆಸಿ, ನಳಿಗೆಯ ಬಾಯಿಗೆ ಗೌರಿಹೂ ಸಿಕ್ಕಿಸಿ ಪೂಜಿಸುತ್ತಾರೆ. ಲೋಹದ ದೃಷ್ಟಿಯಿಂದ ನೋಡಿದರೆ ಇದಕ್ಕಿಂತ ಕಠಿಣ ಪ್ರಯೋಗ ಯಾವ ಪ್ರಯೋಗಾಲಯದಲ್ಲೂ ಇಲ್ಲ: ಹಳೆಯ ಜಾತಿಯ ಕೇಪಾದರೆ ಬೇಸಿಗೆಯಲ್ಲಿ ಹೊಡೆದ ಈಡಿನ ಉಪ್ಪು, ಮಡಿಕೇರಿಯ ಮಳೆ, ಮುಚ್ಚಿದ ಕೋಣೆ, ಮೂರು ತಿಂಗಳು. ಒಳಗೆ ತೊಳೆಯದೆ ಇಟ್ಟವರಿಗೂ ತೊಳೆದು ಇಟ್ಟವರಿಗೂ ಇರುವ ವ್ಯತ್ಯಾಸ ಆ ದಿನ ಬೆಳಿಗ್ಗೆ ನಳಿಗೆಯನ್ನು ಬೆಳಕಿಗೆ ಹಿಡಿದಾಗ ಗೊತ್ತಾಗುತ್ತದೆ. ಪುಣೆಯಲ್ಲಿ ಆಯುಧಪೂಜೆ ಖಂಡೇನವಮಿಯ ದಿನ, ಅಂದರೆ ಮಳೆ ಹಿಂದೆ ಸರಿದ ಮೇಲೆ. ಅಲ್ಲಿನ ಕೋವಿಗಳಿಗೆ ಈ ಲೆಕ್ಕದಲ್ಲಿ ಸ್ವಲ್ಪ ಸುಖ.

ಕೋವಿಯನ್ನು ಹಾಳುಮಾಡುವ ಇನ್ನೊಂದು ಒಳ್ಳೆಯ ಉದ್ದೇಶದ ಅಭ್ಯಾಸ ಚರ್ಮದ ಚೀಲ. ಹದ ಮಾಡಿದ ಚರ್ಮದಲ್ಲಿ ಆಮ್ಲವೂ ಲವಣವೂ ಇರುತ್ತವೆ, ಒಳಗಿನ ಉಣ್ಣೆ ಅಸ್ತರಿ ತೇವವನ್ನು ಹೀರಿ ಹಿಡಿದುಕೊಳ್ಳುತ್ತದೆ. ಒಯ್ಯಲು ಅದು ಸರಿ, ಇಡಲು ಅಲ್ಲ. ವೆರ್ನಾನ್‌ನ ಪಂಜರ ನೆನೆದರೆ ತೆಳು ಹತ್ತಿಬಟ್ಟೆಯ ಹೊದಿಕೆ ಎಷ್ಟೋ ಮೇಲು.

ಮಲೆನಾಡು, ಕರಾವಳಿಯ ಪರವಾನಗಿದಾರ ರೈತರ ತಲೆನೋವು ಮಾತ್ರ ಬೇರೆ. ಚುನಾವಣೆ ಬಂತೆಂದರೆ ಕೋವಿಯನ್ನು ಠಾಣೆಗೆ ಒಪ್ಪಿಸಬೇಕು. ಅಲ್ಲಿ ಅದು ಇತರರ ಕೋವಿಗಳ ರಾಶಿಯಲ್ಲಿ, ಯಾರೂ ಒರೆಸದೆ, ತಿಂಗಳುಗಟ್ಟಲೆ ನಿಲ್ಲುತ್ತದೆ. 2024ರಲ್ಲಿ ಕರ್ನಾಟಕದ ಮತದಾನ ಮೇ 7ಕ್ಕೆ ಮುಗಿದರೂ ಎಣಿಕೆ ನಡೆದದ್ದು ಜೂನ್ 4ರಂದು. ಮುಂಗಾರು ಅಷ್ಟರಲ್ಲಿ ರಾಜ್ಯಕ್ಕೆ ಕಾಲಿಟ್ಟಾಗಿತ್ತು. ಕೊಂಡೊಯ್ಯುವ ಹಿಂದಿನ ದಿನ ನಳಿಗೆಯನ್ನು ಕುದಿನೀರಿನಲ್ಲಿ ತೊಳೆದು, ಪೂರ್ತಿ ಆರಿಸಿ, ಸಲ್ಫೊನೇಟ್ ಎಣ್ಣೆಯನ್ನು ಒಳಗೂ ಹೊರಗೂ ದಪ್ಪಗೆ ಸವರಿ, ಬರಿಗೈ ತಾಗದಂತೆ ಬಟ್ಟೆ ಸುತ್ತಿ ಕೊಡುವುದು ಒಳ್ಳೆಯದು. ವಾಪಸು ಬಂದ ದಿನ ಆ ಎಣ್ಣೆಯನ್ನು ನಳಿಗೆಯೊಳಗಿಂದ ಪೂರ್ತಿ ಒರೆಸಿ ತೆಗೆಯದೆ ಈಡು ಹಾಕಬಾರದು. ದಪ್ಪ ಎಣ್ಣೆ ತುಂಬಿದ ನಳಿಗೆಯಲ್ಲಿ ಹೊಡೆದರೆ ಒತ್ತಡ ಹೆಚ್ಚಿ ನಳಿಗೆಯೇ ಉಬ್ಬುವ ಅಪಾಯವಿದೆ.